ಕಟಾವಿಗೆ ಮುಂಚೆ ನೈಟ್ರೇಟ್ ಬಂದ್: ಪಾಲಕ್‌ನಲ್ಲಿ ನನ್ನ ಅನುಭವ

ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರು ಹರಿಯುವ ಚಾನೆಲ್‌ಗಳಲ್ಲಿ ಪಾಲಕ್, ಲೆಟ್ಯೂಸ್ ಬೆಳೆಯುತ್ತೇನೆ. ಕಟಾವಿಗೆ ಕೆಲವು ದಿನ ಮುಂಚೆ ನೈಟ್ರೇಟ್ (ಗಿಡಕ್ಕೆ ಸಾರಜನಕ ಕೊಡುವ ಗೊಬ್ಬರ) ನಿಲ್ಲಿಸುತ್ತೇನೆ ಅಂದಾಗ, ಎಲೆ ಹಳದಿಯಾಗುತ್ತೆ, ತೂಕ ಹೋಗುತ್ತೆ ಅಂದವರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿಯ ಮಳೆಗಾಲ ಗೊತ್ತಲ್ವಾ. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಬೀಳುವುದಿಲ್ಲ. ಗಿಡ ನೈಟ್ರೇಟ್ ಕುಡಿಯುತ್ತಲೇ ಇರುತ್ತದೆ, ಬೆಳಕಿಲ್ಲದೆ ಅದನ್ನು ಅರಗಿಸಿಕೊಳ್ಳುವುದಿಲ್ಲ. ಎಲ್ಲಾ ದಂಟಿನಲ್ಲೇ ಕೂರುತ್ತದೆ. ಎಲೆ ಕಡು ಹಸಿರು, ಬಾಯಿಗೆ ಸಪ್ಪೆ, ಎರಡನೇ ದಿನಕ್ಕೆ ಜೋತು ಬೀಳುತ್ತದೆ. ಗೋವಾದ ಹೋಟೆಲೊಂದು ಮಾಲು ವಾಪಸ್ ಕಳಿಸಿತು. ಚೋರ್ಲಾ ಘಾಟ್ ಹತ್ತಿಳಿದ ಗಾಡಿ ಬಾಡಿಗೆ ಸೇರಿ ಎಂಟು-ಹತ್ತು ಸಾವಿರ ನೀರಲ್ಲಿ ಹೋಯಿತು. ಯುರೋಪಿನಲ್ಲಿ ತಾಜಾ ಪಾಲಕ್‌ಗೆ ಕಿಲೋಗೆ 3,500 ಮಿಲಿಗ್ರಾಂ ನೈಟ್ರೇಟ್ ಮಿತಿ. ನನ್ನದು ನಾಲ್ಕು ಸಾವಿರದ ಮೇಲಿತ್ತು.

ಯೂರಿಯಾ ಹಾಕು, ಅಗ್ಗ ಅಂದರು. ಮಣ್ಣಿನಲ್ಲಾದರೆ ಅದನ್ನು ಒಡೆದು ಕೊಡುವ ಸೂಕ್ಷ್ಮಜೀವಿಗಳಿರುತ್ತವೆ, ಚಾನೆಲ್‌ನಲ್ಲಿ ಎಲ್ಲಿಂದ ತರೋದು? ಅರ್ಧ ನೈಟ್ರೇಟ್ ತೆಗೆದು ಅಮೋನಿಯಂ ಸಲ್ಫೇಟ್ ಕೊಟ್ಟೆ. ನೈಟ್ರೇಟ್ ಇಳಿಯಿತು, ಪಿಎಚ್ ಕೂಡ 4.5ಕ್ಕೆ ಇಳಿದು ನೀರು ಹುಳಿಯಾಯಿತು. ಬೇರು ಕಂದಾಯಿತು. ಅಮೋನಿಯಂ ಜಾಸ್ತಿಯಾದರೆ ಕ್ಯಾಲ್ಸಿಯಂ ಒಳಗೆ ಹೋಗಲ್ಲ, ಅದೇ ಟ್ಯಾಂಕಿನ ಲೆಟ್ಯೂಸ್‌ನ ಒಳ ಎಲೆಗಳ ಅಂಚು ಸುಟ್ಟವು. ಇಡೀ ಬ್ಯಾಚ್ ಎಮ್ಮೆಗೆ ಹಾಕಿದೆ. ಆಮೇಲೆ ಶುರುವಿನಿಂದಲೇ ಇಸಿ (ನೀರಿನಲ್ಲಿ ಗೊಬ್ಬರ ಎಷ್ಟು ಗಟ್ಟಿ ಅನ್ನೋ ಅಳತೆ) ಇಳಿಸಿ ನೋಡಿದೆ. ತೂಕ ಮೂರನೇ ಒಂದು ಪಾಲು ಖೋತಾ.

ಕೊನೆಗೆ ಕೈ ಹಿಡಿದದ್ದು ಬೇರೆ ಟ್ಯಾಂಕ್. ಕಟಾವಿಗೆ ಮೂರ್ನಾಲ್ಕು ದಿನ ಇರುವಾಗ ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್ ಎರಡೂ ಬಂದ್. ಬದಲಿಗೆ ಕ್ಯಾಲ್ಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಸಲ್ಫೇಟ್. ಉಳಿದದ್ದು ಹಾಗೇ, ಇಸಿಯೂ ಹಾಗೇ. ಈ ಕ್ಲೋರೈಡ್, ಸಲ್ಫೇಟ್ ಎರಡರ ಸ್ಟಾಕ್ (ಗಟ್ಟಿ ದ್ರಾವಣ) ಒಂದೇ ಡ್ರಮ್ಮಿನಲ್ಲಿ ಕಲಸಿದರೆ ತಳದಲ್ಲಿ ಜಿಪ್ಸಂ ಕೂರುತ್ತದೆ, ಹುಷಾರು. ಯಾವುದು ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ನಿಮ್ಮ ನೀರಿಗೆ ಅದು ಹೊಂದುವುದೂ ಇಲ್ಲ. ವಿಜಯಪುರ ಕಡೆ ಸವಳು ಬೋರ್‌ವೆಲ್ ಇರುವವರು ಕ್ಲೋರೈಡ್ ಮುಟ್ಟಲೇಬೇಡಿ. ಕಟಾವು ಸಂಜೆ ನಾಲ್ಕರ ಮೇಲೆ, ಹಗಲಿನ ಬೆಳಕಿಗೆ ಇನ್ನಷ್ಟು ನೈಟ್ರೇಟ್ ಕರಗಿರುತ್ತದೆ.

ದಂಟು ಹಿಂಡಿ, ರಸಕ್ಕೆ ನೀರು ಬೆರೆಸಿ, ನೈಟ್ರೇಟ್ ಅಳೆಯುವ ಸ್ಟ್ರಿಪ್ ಅದ್ದಿ ನೋಡುತ್ತೇನೆ. ಈಗ ಎರಡು ಸಾವಿರದ ಒಳಗೇ ಬರುತ್ತದೆ. ತೂಕ ನೂರಕ್ಕೆ ಐದಾರು ಕಡಿಮೆ, ಕೆಳಗಿನ ಒಂದೆರಡು ಎಲೆ ಸ್ವಲ್ಪ ಪೇಲವ, ಅಷ್ಟೇ.

ಸಿ ವಿಟಮಿನ್ ನೋಡೋಣ ಅಂತ ಸುಮ್ನೆ ಒಂದು ಆಟ ಆಡಿದೆ. ಲೆಟ್ಯೂಸ್ ರಸ ಸೋಸಿ, ತಿಳಿ ಗಂಜಿ ಬೆರೆಸಿ, ಟಿಂಚರ್ ಅಯೋಡಿನ್ ಹನಿ ಹನಿ ಬಿಟ್ಟೆ. ನೈಟ್ರೇಟ್ ನಿಲ್ಲಿಸದ ಹಳೇ ಟ್ಯಾಂಕಿನ ರಸ ಬೇಗ ನೀಲಿಯಾಯಿತು. ಹೊಸದು ಸುಮಾರು ಒಂದೂವರೆ ಪಟ್ಟು ಹನಿ ನುಂಗಿದ ಮೇಲೆ ನೀಲಿಗೆ ತಿರುಗಿತು. ಹನಿ ಜಾಸ್ತಿ ಹಿಡಿದಷ್ಟೂ ವಿಟಮಿನ್ ಜಾಸ್ತಿ.

ನಮ್ಮ ಕಡೆ ಹಸಿಯಾಗೇ ತಿನ್ನುವ ಕಹಿ ಸೊಪ್ಪು ಹಕ್ಕರಕಿಯನ್ನೂ ಚಾನೆಲ್‌ಗೆ ಹಾಕಿದ್ದೆ. ಲೆಟ್ಯೂಸ್ ಹಾಗೆ ಉಬ್ಬಿ ಬಂತು. ಅವ್ವ ರೊಟ್ಟಿ ಜೊತೆ ತಿಂದು, "ನೀರ ತಿಂದಂಗ ಆಗತೈತಿ" ಅಂದಳು. ನೈಟ್ರೇಟ್ ನಿಲ್ಲಿಸಿದ ಬ್ಯಾಚಿನಲ್ಲಿ ಕಹಿ ಸ್ವಲ್ಪ ವಾಪಸ್ ಬಂದಿದೆ, ಇನ್ನೂ ಹೊಲದ್ದಷ್ಟಿಲ್ಲ.

ಗೊಬ್ಬರದಲ್ಲಿ ಉಳಿದದ್ದು ಚಿಲ್ಲರೆ. ಮಾಲು ವಾಪಸ್ ಬರುವುದು ನಿಂತಿತು, ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ ಸಿಗುತ್ತಿದೆ. ಮಾರ್ಚ್‌ನಿಂದ ಮೇವರೆಗೆ ಇದನ್ನೆಲ್ಲ ಮಾಡುವುದಿಲ್ಲ. ಆ ಬಿಸಿಲಿಗೆ ಗಿಡವೇ ಅರಗಿಸಿಕೊಳ್ಳುತ್ತದೆ.