ಎರಡು ನಿಮಿಷದ ಒಪಿಡಿಯಲ್ಲಿ ರೋಗಿಯ ಮಾತು ಕೇಳುವುದು ಹೇಗೆ: ಹೊಸ ಹೌಸ್ ಸರ್ಜನ್‌ಗಳಿಗೆ

ಹೊರಗೆ ಅಷ್ಟುದ್ದ ಸಾಲು ನಿಂತಿರುವಾಗ ಒಬ್ಬೊಬ್ಬರ ಹತ್ತಿರ ಮಾತಾಡುತ್ತಾ ಕೂರೋಕೆ ಟೈಮ್ ಎಲ್ಲಿದೆ? ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಗೆ, ಅಂದರೆ ಹೌಸ್ ಸರ್ಜನ್ಸಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬರಿಗೆ ಎರಡು ಮೂರು ನಿಮಿಷ ಸಿಕ್ಕರೆ ಜಾಸ್ತಿ. ಆದರೆ ಆ ಎರಡು ನಿಮಿಷವನ್ನು ಯಾರು ಮಾತಾಡಿ ಕಳೆಯುತ್ತಾರೆ ಅನ್ನೋದು ನಿಮ್ಮ ಕೈಲಿದೆ.

ಮೊದಲು ಸುಮ್ನೆ ಕೇಳಿ. 1984ರಲ್ಲಿ ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ಡಾಕ್ಟರು-ರೋಗಿಯ 74 ಭೇಟಿಗಳ ರೆಕಾರ್ಡಿಂಗ್ ಪರೀಕ್ಷಿಸಿದಾಗ, ಡಾಕ್ಟರು ಸರಾಸರಿ 18 ಸೆಕೆಂಡಿಗೇ ನಡುವೆ ಬಾಯಿ ಹಾಕುತ್ತಿದ್ದದ್ದು ಗೊತ್ತಾಯಿತು. ಮಾತಾಡಲು ಬಿಟ್ಟರೆ ಹೆಚ್ಚಿನ ರೋಗಿಗಳು ಎರಡು ನಿಮಿಷದೊಳಗೆ ತಾವೇ ನಿಲ್ಲಿಸುತ್ತಾರೆ. "ಏನಾಗ್ತಿದೆ ಹೇಳಿ ಅಮ್ಮ" ಅಂತ ಕೇಳಿ, ಪೆನ್ನು ಕೆಳಗಿಟ್ಟು ಮುಖ ನೋಡಿ. ಅವರು ಮುಗಿಸಿದ ಮೇಲೆ "ಇನ್ನೇನಾದ್ರೂ ಇದೆಯಾ?" ಅಂತ ಇನ್ನೊಂದು ಸಲ ಕೇಳಿ. ಮಂಡಿ ನೋವು ಅಂತ ಬಂದ ಅಜ್ಜಿ, ಚೀಟಿ ತಗೊಂಡು ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ "ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದಂಗಾಗುತ್ತೆ ಡಾಕ್ಟ್ರೇ, ಗ್ಯಾಸ್ ಇರ್ಬೇಕು ಅಲ್ವಾ" ಅಂತಾರೆ. ವಾಪಸ್ ಕೂರಿಸಿ, ಇಸಿಜಿ ಮಾಡಿಸಿ.

ಮಾತ್ರೆಗಳ ಬಗ್ಗೆ ಬಾಯಿಮಾತಿನಲ್ಲಿ ಕೇಳಬೇಡಿ. ಅವರು ತಂದಿರುವ ಪ್ಲಾಸ್ಟಿಕ್ ಕವರನ್ನು ಟೇಬಲ್ ಮೇಲೆ ಸುರಿಸಿ. ಎರಡು ಕಂಪನಿಯ ಹೆಸರಲ್ಲಿ ಒಂದೇ ಬಿಪಿ ಮಾತ್ರೆ ಇರುತ್ತದೆ, ಎರಡನ್ನೂ ನುಂಗುತ್ತಿರುತ್ತಾರೆ. ಇನ್ನೊಂದು ಸ್ಟ್ರಿಪ್ಪಿನಲ್ಲಿ ಮಾತ್ರೆ ಅರ್ಧರ್ಧ ಮುರಿದಿರುತ್ತದೆ, ಯಾಕಂದ್ರೆ ತಿಂಗಳ ಕೊನೆತನಕ ಬರಬೇಕು. ಅಲ್ಲಿ ಬೈದು ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲೇ ಸಿಗುವುದನ್ನೋ ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುವುದನ್ನೋ ಬರೆಯಿರಿ. ಊಟ ಎಷ್ಟು ಹೊತ್ತಿಗೆ ಅಂತಲೂ ಕೇಳಿ. ಬೆಳಗ್ಗೆ ಗ್ಲಿಮಿಪಿರೈಡ್ ಅನ್ನುವ ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕೂಲಿಗೆ ಹೋದವರು ಶುಗರ್ ಇಳಿದು ತಲೆ ಸುತ್ತಿ ಬೀಳುತ್ತಾರೆ.

"ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು "ಮನೇಲಿ ಸೊಸೆ ಕೇಳಿದ್ರೆ ಏನಂತ ಹೇಳ್ತೀರಿ?" ಅನ್ನಿ, ಎಲ್ಲಿ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಕಷ್ಟದ್ದು ಕೆಟ್ಟ ಸುದ್ದಿ ಹೇಳೋದು. 2019ರ ಬ್ಯಾಚಿನಿಂದ ಎಂಬಿಬಿಎಸ್‌ನಲ್ಲಿ ರೋಗಿಯ ಜೊತೆ ಮಾತಾಡುವುದನ್ನೂ ಕಲಿಸುತ್ತಾರೆ, ಒಳ್ಳೆಯದೇ. ಆದರೆ ವಾರ್ಡಿನಲ್ಲಿ ಎದುರಾಗುವುದು ಕಾರಿಡಾರಿನಲ್ಲಿ ಕೈ ಹಿಡಿದು "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಾರ್" ಅನ್ನುವ ಮಗ. ಅವನ ಮೇಲೆ ರೇಗಬೇಡಿ, ಅವನು ಹೆದರಿದ್ದಾನೆ. ಯಾಕೆ ಹೇಳಬಾರದು ಅನ್ನಿಸುತ್ತೆ ಅಂತ ಕೇಳಿ. ಸುಳ್ಳು ಹೇಳುತ್ತೇನೆ ಅಂತ ಮಾತ್ರ ಮಾತು ಕೊಡಬೇಡಿ. ಆಮೇಲೆ ಅಪ್ಪನ ಪಕ್ಕ ಕೂತು, ನಿಂತಲ್ಲ, "ನಿಮ್ಗೆ ಏನಾಗಿದೆ ಅಂತ ಅನ್ನಿಸ್ತಿದೆ? ಎಲ್ಲಾ ವಿವರವಾಗಿ ಹೇಳ್ಲಾ, ಮಗನ ಹತ್ರ ಮಾತಾಡ್ಲಾ?" ಅಂತ ಕೇಳಿ. ಬಹಳಷ್ಟು ಜನಕ್ಕೆ ಆಗಲೇ ಗೊತ್ತಿರುತ್ತದೆ, ಮಗ ನೊಂದುಕೊಳ್ಳುತ್ತಾನೆ ಅಂತ ಸುಮ್ಮನಿರುತ್ತಾರೆ. ಯಾರ ಜೊತೆ ಮಾತಾಡಬೇಕು ಅನ್ನೋದು ಅವರ ತೀರ್ಮಾನ.

"ನಮ್ ಕೈಲಿ ಇನ್ನೇನೂ ಇಲ್ಲ" ಅನ್ನುವ ಮಾತು ಯಾವತ್ತೂ ಬೇಡ. ನೋವಿಗೆ ಮಾರ್ಫಿನ್ ಇದೆ, ಉಸಿರಾಟದ ಕಷ್ಟಕ್ಕೂ ವಾಂತಿಗೂ ಔಷಧಿ ಇದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರದಲ್ಲಿ ಹಣ ತಗೊಳ್ಳದೆ ನೋಡಿಕೊಳ್ಳುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಇಂಥ ಆರೈಕೆ ಎಲ್ಲಿ ಸಿಗುತ್ತದೆ ಅಂತ ಈ ವಾರವೇ ವಿಚಾರಿಸಿ, ವಿಳಾಸವನ್ನು ಕನ್ನಡದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.