ಗ್ರಿಲ್ಲಿನ ಬೀಡಿನ ಜಾಲರಿ: ತುಕ್ಕು ತೆಗೆದು, ಪಳಗಿಸಿ, ಕಾಪಾಡಿಕೊಳ್ಳುವ ಬಗೆ

ಪಕ್ಕದ ಮನೆಯ ಅಜ್ಜ ಫ್ಲಾರಿಡಾಕ್ಕೆ ಹೊರಟಾಗ ತಮ್ಮ ಗ್ಯಾಸ್ ಗ್ರಿಲ್ಲನ್ನು ನಮಗೆ ಕೊಟ್ಟು ಹೋದರು. ಅದು ಎರಡು ಚಳಿಗಾಲ ಹಿತ್ತಲಿನ ಹಿಮದಲ್ಲೇ ನಿಂತಿತ್ತು. ಮುಚ್ಚಳ ತೆಗೆದರೆ ಒಳಗಿನ ಮೂರು ಜಾಲರಿಗಳೂ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಬೆರಳಿಟ್ಟರೆ ತುಕ್ಕು ಪುಡಿಪುಡಿಯಾಗಿ ಬರುತ್ತಿತ್ತು. ಹೊಸ ಜಾಲರಿ ತರೋಣ ಅಂದರು ನಮ್ಮ ಮನೆಯವರು. ನಾನು ಒಂದನ್ನು ಎತ್ತಿ ನೋಡಿದೆ. ಒಳ್ಳೇ ಭಾರ. ಆ ಭಾರ ನನ್ನ ಕೈಗೆ ಚಿಕ್ಕಂದಿನಿಂದ ಗೊತ್ತು. ಕುಂದಾಪುರದ ನಮ್ಮ ಮನೆಯ ದೋಸೆ ಕಾವಲಿಯೂ ಇದೇ ಬೀಡು, ಅಂದರೆ ಎರಕದ ಕಬ್ಬಿಣ (ಕಾಸ್ಟ್ ಐರನ್).

ಅವತ್ತು ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಬೀಡಿಂದ್ ಅಲ್ದಾ ಮಗಾ? ಹುಳಿ ಹಾಕಿ ತಿಕ್ಕ್, ತುಕ್ಕ್ ಹೋತ್ತ್" ಅಂದಳು. ಹೋಯಿತು ಕೂಡ. ಇಲ್ಲಿ ಮಿಶಿಗನ್‌ನಲ್ಲಿ ಅದಾಗಿ ಆರು ಬೇಸಿಗೆ ಕಳೆದಿವೆ. ಈಗಲೂ ಅದೇ ಜಾಲರಿಗಳ ಮೇಲೆ ಬದನೆಕಾಯಿ ಸುಡುತ್ತೇನೆ, ಜೋಳ ಸುಡುತ್ತೇನೆ. ಗೆಳತಿಯರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೆ ನಾನು ಮಾಡುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ನಿಮ್ಮ ಜಾಲರಿ ಯಾವ ತರಹದ್ದು ಅಂತ ನೋಡಿಕೊಳ್ಳಿ. ಬೀಡಿನಲ್ಲಿ ಎರಡು ಬಗೆ. ಒಂದು ಬರಿಯ ಬೀಡು. ಹೊಳಪಿಲ್ಲದ ಕಪ್ಪು, ಮುಟ್ಟಿದರೆ ತುಸು ತರಿತರಿ. ಇನ್ನೊಂದಕ್ಕೆ ಮೇಲೆ ಎನಾಮೆಲ್ ಇರುತ್ತದೆ. ಅದು ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತದೆ. ಎನಾಮೆಲ್ ಇದ್ದರೆ ಲೋಹದ ಸಾಮಾನಿನಿಂದ ಕೆರೆಯಬೇಡಿ, ಹುಳಿಯಲ್ಲಿ ನೆನೆಸಲೂ ಬೇಡಿ. ಬೆಚ್ಚಗಿನ ನೀರು, ಸೋಪು, ನೈಲಾನ್ ಬ್ರಷ್ ಸಾಕು. ಎನಾಮೆಲ್ ಎದ್ದುಹೋದ ಜಾಗದಲ್ಲಿ ತುಕ್ಕು ಬರುತ್ತದೆ, ಅಲ್ಲಿಗೆ ಒಂದಿಷ್ಟು ಎಣ್ಣೆ ಸವರಿಡಿ. ಆ ಚೂರುಗಳು ಉದುರುತ್ತಲೇ ಇದ್ದರೆ ಮಾತ್ರ ಜಾಲರಿ ಬದಲಿಸಿ, ಅವು ಊಟದಲ್ಲಿ ಸೇರಬಾರದು. ಮುಂದೆ ನಾನು ಹೇಳುವುದೆಲ್ಲ ಬರಿಯ ಬೀಡಿನ ಬಗ್ಗೆ.

ತುಕ್ಕು ತೆಗೆಯುವುದು ಕಷ್ಟದ ಕೆಲಸ ಅಲ್ಲ, ಆದರೆ ಪಕ್ಕದಲ್ಲೇ ಇರಬೇಕು. ಅಮ್ಮ ಕಾವಲಿಗೆ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತಾಳೆ. ಅಲ್ಲಲ್ಲಿ ಸ್ವಲ್ಪ ತುಕ್ಕಿದ್ದರೆ ಅಷ್ಟೇ ಸಾಕು. ನನ್ನ ಜಾಲರಿಗಳಿಗೆ ಅದು ಸಾಲದಾಯಿತು. ಮಂಚದ ಕೆಳಗೆ ಬಟ್ಟೆ ಇಡುವ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರಲ್ಲಿ ಅರ್ಧ ಬಿಳಿ ವಿನೆಗರ್, ಅರ್ಧ ನೀರು ಬೆರೆಸಿ ಜಾಲರಿ ಮುಳುಗಿಸಿದೆ. ಹುಣಸೆಹಣ್ಣು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಹುಳಿ ತುಕ್ಕನ್ನು ಕರಗಿಸುತ್ತದೆ.

ಅರ್ಧ ಗಂಟೆಗೊಮ್ಮೆ ಹೊರಗೆ ತೆಗೆದು ತಿಕ್ಕಿ ನೋಡಿ. ನನ್ನವಕ್ಕೆ ಒಂದೂವರೆ ಗಂಟೆ ಹಿಡಿಯಿತು. ರಾತ್ರಿಯಿಡೀ ಮಾತ್ರ ಬಿಡಬೇಡಿ. ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನಲು ಶುರು ಮಾಡುತ್ತದೆ. ತಿಕ್ಕಲು ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸಿಗುವ ತೆಂಗಿನ ನಾರೇ ಸಾಕು, ಮೂಲೆಗಳಿಗೆ ಸ್ವಲ್ಪ ಸ್ಟೀಲ್ ವೂಲ್ ಬೇಕಾಗಬಹುದು. ಕೊನೆಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆಯಿರಿ.

ಇನ್ನು ತಡ ಮಾಡುವ ಹಾಗಿಲ್ಲ. ತೊಳೆದ ಬರಿಯ ಬೀಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಫೋನ್ ಎತ್ತಿ ಬರುವಷ್ಟರಲ್ಲಿ ಮತ್ತೆ ಕೆಂಪು ಮೂಡಿರುತ್ತದೆ. ಹಾಗಾಗಿ ಓವನ್ನನ್ನು ಮೊದಲೇ 200 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿಟ್ಟಿರಿ. ಒರೆಸಿದ ಕೂಡಲೇ 15 ನಿಮಿಷ ಅದರೊಳಗಿಟ್ಟು ಪೂರ್ತಿ ಒಣಗಿಸಿ.

ಈಗ ಪಳಗಿಸುವುದು. ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ.

ಎಣ್ಣೆಯನ್ನು ತೀರಾ ತೆಳುವಾಗಿ ಹಚ್ಚಿ ಜೋರಾಗಿ ಕಾಯಿಸಿದರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕೂತುಬಿಡುತ್ತವೆ. ಹಳೇ ಕಾವಲಿಯ ಆ ಕಪ್ಪು ಹೊಳಪು ಅಂದರೆ ಇದೇ. ದೋಸೆ ತಾನಾಗಿ ಏಳುವುದೂ ಇದರಿಂದಲೇ. ಕೆನೋಲಾ, ಸೂರ್ಯಕಾಂತಿ, ದ್ರಾಕ್ಷಿ ಬೀಜದ ಎಣ್ಣೆ, ಇವು ಹೀಗೆ ಚೆನ್ನಾಗಿ ಗಟ್ಟಿಯಾಗುತ್ತವೆ. ನಮ್ಮ ಕರಾವಳಿಯವರ ಕೈ ಮೊದಲು ತೆಂಗಿನೆಣ್ಣೆಗೇ ಹೋಗುತ್ತದೆ, ಅಲ್ವಾ? ಅಡುಗೆಗೆ ಅದೇ ರುಚಿ. ಆದರೆ ಪದರ ಕಟ್ಟಲು ತೆಂಗಿನೆಣ್ಣೆ ಅಷ್ಟು ಒಳ್ಳೆಯದಲ್ಲ, ಅದು ಸುಲಭವಾಗಿ ಗಟ್ಟಿಯಾಗುವ ಜಾತಿಯದ್ದಲ್ಲ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಆದರೆ ಆಮೇಲೆ ಸಿಪ್ಪೆಯಾಗಿ ಏಳುವುದೂ ಉಂಟು. ನಾನು ಕೆನೋಲಾ ಬಳಸುತ್ತೇನೆ.

ಮೊದಲ ಸಲ ಒಳ್ಳೇದಾಗಲಿ ಅಂತ ಎಣ್ಣೆ ಜಾಸ್ತಿಯೇ ಹಚ್ಚಿದ್ದೆ. ಕಾಯಿಸಿ ತೆಗೆದರೆ ಹಲಸಿನ ಮೇಣದ ಹಾಗೆ ಕೈಗೆ ಅಂಟುತ್ತಿತ್ತು. ಎರಡು ದಿನ ಬಿಟ್ಟರೂ ಒಣಗಲಿಲ್ಲ. ಕೊನೆಗೆ ಎಲ್ಲ ತಿಕ್ಕಿ ತೆಗೆದು ಮತ್ತೆ ಶುರು ಮಾಡಬೇಕಾಯಿತು. ಅದಕ್ಕೇ ಹೇಳುತ್ತೇನೆ: ಬೆಚ್ಚಗಿರುವ ಜಾಲರಿಗೆ ಎಣ್ಣೆ ಹಚ್ಚಿ. ಮೇಲೆ, ಕೆಳಗೆ, ಸರಳುಗಳ ಸಂದಿಗೆ, ಎಲ್ಲ ಕಡೆ. ಆಮೇಲೆ ಬೇರೆ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಒರೆಸಿ ತೆಗೆಯಿರಿ. ಕಣ್ಣಿಗೆ ಒಣಗಿದ ಹಾಗೇ ಕಾಣಬೇಕು. ಉಳಿದದ್ದೇ ಸಾಕು.

ಆಮೇಲೆ ಜಾಲರಿಯನ್ನು ಕವುಚಿ ಓವನ್ನಿನಲ್ಲಿಡಿ. ಹೆಚ್ಚಿನ ಎಣ್ಣೆ ಇದ್ದರೆ ಮೇಲ್ಭಾಗದಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಕೆಳಗಿನ ತಟ್ಟೆಗೆ ಫಾಯಿಲ್ ಹಾಸಿ. 450 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 230 ಸೆಲ್ಸಿಯಸ್, ಒಂದು ಗಂಟೆ. ಆಮೇಲೆ ಓವನ್ ಆರಿಸಿ, ಜಾಲರಿ ಒಳಗೇ ತಣಿಯಲಿ. ಇಷ್ಟನ್ನು ಮೂರು ಸಲ ಮಾಡಿ, ಪುರುಸೊತ್ತಿದ್ದರೆ ನಾಲ್ಕು. ಮೊದಲ ಸಲ ಕಂದು ಬಣ್ಣ ಬರುತ್ತದೆ, ಗಾಬರಿ ಬೇಡ. ಮೂರನೇ ಸಲಕ್ಕೆ ಕಪ್ಪಾಗುತ್ತದೆ.

ಹೊಗೆ ಬರುತ್ತದೆ. ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ. ನನಗೆ ಮನೆಯೊಳಗಿನ ಹೊಗೆ ಆಗುವುದಿಲ್ಲ. ಹಾಗಾಗಿ ಈಗೀಗ ಹೊರಗೆ ಗ್ರಿಲ್ಲಿನಲ್ಲೇ ಮುಚ್ಚಳ ಹಾಕಿ, ಮೀಟರ್ ನೋಡಿಕೊಂಡು ಅದೇ 450ರಲ್ಲಿ ಪಳಗಿಸುತ್ತೇನೆ. ಓವನ್ನಿನಷ್ಟು ಸಮವಾಗಿ ಕಾಯುವುದಿಲ್ಲ, ಆದರೆ ಕೆಲಸ ಆಗುತ್ತದೆ. ಓವನ್ನಿನ ಸೆಲ್ಫ್ ಕ್ಲೀನ್ ಬಟನ್ ಒತ್ತಿ ಜಾಲರಿ ಸುಡಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಆ ಶಾಖಕ್ಕೆ ಬೀಡು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಇಷ್ಟಾದ ಮೇಲೆ ದಿನದ ಆರೈಕೆ ತುಂಬಾ ಕಡಿಮೆ. ಅಡುಗೆ ಮುಗಿದ ಕೂಡಲೇ ಮುಚ್ಚಳ ಹಾಕಿ 10 ನಿಮಿಷ ಜೋರಾಗಿ ಉರಿಸಿ. ಅಂಟಿದ್ದೆಲ್ಲ ಸುಟ್ಟು ಬೂದಿಯಾಗುತ್ತದೆ. ಉರಿ ಆರಿಸಿ, ಬಿಸಿ ಇರುವಾಗಲೇ ಉಜ್ಜಿ. ಆಮೇಲೆ ಎಣ್ಣೆ. ಅಮ್ಮ ಕಾವಲಿಗೆ ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾಳೆ, ಈರುಳ್ಳಿ ಇಲ್ಲದ ದಿನ ಬದನೆಕಾಯಿ ತೊಟ್ಟು. ನಾನೂ ಅದನ್ನೇ ಮಾಡುತ್ತೇನೆ, ಉದ್ದನೆಯ ಫೋರ್ಕಿಗೆ ಚುಚ್ಚಿಕೊಂಡು.

ಉಜ್ಜಲು ತಂತಿ ಬ್ರಷ್ ಬಳಸಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಅದರ ಕೂದಲಿನಂಥ ತಂತಿ ಮುರಿದು ಜಾಲರಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಊಟಕ್ಕೆ ಸೇರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2012ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್‌ನಲ್ಲಿ ಆರು ಜನ ಹೀಗೆ ತಂತಿ ನುಂಗಿ ಆಸ್ಪತ್ರೆಗೆ ಬಂದಿದ್ದರು. ಕೆಲವರಿಗೆ ಗಂಟಲಲ್ಲಿ ಚುಚ್ಚಿತ್ತು, ಕೆಲವರಿಗೆ ಕರುಳಿನಲ್ಲಿ. ಅದನ್ನು ಓದಿದ ದಿನವೇ ನಮ್ಮ ಬ್ರಷ್ ಕಸದ ಬುಟ್ಟಿಗೆ ಹೋಯಿತು. ಫಾಯಿಲ್ಲನ್ನು ಉಂಡೆ ಮಾಡಿ ಇಕ್ಕಳದಲ್ಲಿ ಹಿಡಿದು ಉಜ್ಜಿ, ಇಲ್ಲವೇ ಮರದ ಕೆರೆಯುವ ಹಲಗೆ ತನ್ನಿ. ಮಕ್ಕಳಿರುವ ಮನೆಯಲ್ಲಂತೂ ತಂತಿ ಬ್ರಷ್ ಇರಲೇಬಾರದು.

ಬಿಸಿ ಜಾಲರಿಗೆ ತಣ್ಣೀರು ಹಾಕಬೇಡಿ. ಬೀಡು ಗಟ್ಟಿ, ಆದರೆ ಬಾಗುವುದಿಲ್ಲ, ಒಡೆಯುತ್ತದೆ. ಗೆಳತಿಯ ಮನೆಯಲ್ಲಿ ಬೇಗ ತೊಳೆಯೋಣ ಅಂತ ಪೈಪಿನ ನೀರು ಬಿಟ್ಟಾಗ 'ಟಣ್' ಅಂತ ಸದ್ದು ಬಂತು. ನೋಡಿದರೆ ಮಧ್ಯದ ಸರಳು ಎರಡು ತುಂಡಾಗಿತ್ತು. ಡಿಶ್‌ವಾಶರ್‌ಗೂ ಹಾಕಬೇಡಿ. ಸೋಪಿನ ಬಗ್ಗೆ ಮಾತ್ರ ಅಷ್ಟು ಹೆದರಬೇಕಿಲ್ಲ. ಹಳೇ ಕಾಲದ ಸಾಬೂನಿನ ಖಾರಕ್ಕೆ ಆ ಪದರ ಕರಗುತ್ತಿತ್ತು, ಅದಕ್ಕೇ ಕಾವಲಿಗೆ ಸೋಪು ಮುಟ್ಟಿಸಬಾರದು ಅನ್ನುತ್ತಿದ್ದರು. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ ಅಷ್ಟು ತೀಕ್ಷ್ಣ ಅಲ್ಲ. ಎರಡು ಹನಿ ಹಾಕಿ ತೊಳೆದು ತಕ್ಷಣ ಒಣಗಿಸಿದರೆ ಏನೂ ಆಗುವುದಿಲ್ಲ.

ನಮ್ಮ ಅಡುಗೆಯಲ್ಲಿ ನಿಂಬೆಹಣ್ಣು, ಮೊಸರು, ಹುಣಸೆಹುಳಿ ಜಾಸ್ತಿ. ಮೊಸರಿನಲ್ಲಿ ನೆನೆಸಿದ ಪನೀರ್, ಚಿಕನ್ ಜಾಲರಿಗೆ ಬೇಗ ಅಂಟುತ್ತವೆ, ಹುಳಿ ಪದರವನ್ನೂ ಸವೆಸುತ್ತದೆ. ಹಾಗಂತ ಬಿಡಬೇಕಿಲ್ಲ. ಜಾಲರಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ಹಾಕಿ, ಅದಾಗಿ ಬಿಡುವವರೆಗೆ ಎಬ್ಬಿಸಲು ಹೋಗಬೇಡಿ. ಅಂಥ ದಿನ ಮುಗಿದ ಮೇಲೆ ಇನ್ನೊಂದು ಕೈ ಎಣ್ಣೆ ಹೆಚ್ಚು ಕೊಡಿ. ಜೋಳಕ್ಕೆ ಉಪ್ಪು, ಖಾರ, ನಿಂಬೆರಸ ಹಚ್ಚುವುದು ಜಾಲರಿಯಿಂದ ತೆಗೆದ ಮೇಲೆ.

ನಮ್ಮ ಮನೆಗೆ ಬರುವ ಕನ್ನಡದವರಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳು. ಮೂರು ಜಾಲರಿಗಳಲ್ಲಿ ಎಡಗಡೆಯದನ್ನು ಅವರಿಗಾಗಿಯೇ ಇಟ್ಟಿದ್ದೇನೆ. ಅದರ ಕಾಲಿಗೆ ತಾಮ್ರದ ತಂತಿ ಸುತ್ತಿದ್ದೇನೆ, ತೊಳೆಯುವಾಗ ಅದಲುಬದಲಾಗದಿರಲಿ ಅಂತ. ಅದಕ್ಕೆ ಬೇರೆ ಇಕ್ಕಳ, ಬೇರೆ ನಾರು. ಪಳಗಿಸಿದ್ದೂ ಬರೇ ಸಸ್ಯದ ಎಣ್ಣೆಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಸಂಕೋಚವಿಲ್ಲದೆ ತಿನ್ನುವುದನ್ನು ನೋಡಿದರೆ ನನಗೂ ಖುಷಿ.

ಸೆಪ್ಟೆಂಬರ್‌ನ ಲೇಬರ್ ಡೇ ಕಳೆದ ಮೇಲೆ ಇಲ್ಲಿ ಗ್ರಿಲ್ಲಿಗೆ ಬಿಡುವು ಹೆಚ್ಚು. ಹಿಮ ಬೀಳುವ ಮುಂಚೆ ಜಾಲರಿಗಳನ್ನು ಹೊರಗೆ ತೆಗೆಯಿರಿ. ಕೆಳಗಿನ ಜಿಡ್ಡಿನ ತಟ್ಟೆಯನ್ನೂ ಅವತ್ತೇ ಖಾಲಿ ಮಾಡಿ, ಅದರಲ್ಲಿ ಉಳಿದ ಕೊಬ್ಬಿಗೆ ಬೆಂಕಿ ಹತ್ತಬಹುದು. ಜಾಲರಿ ಕಾಯಿಸಿ, ತೆಳು ಎಣ್ಣೆ ಸವರಿ, ಒರೆಸಿ, ತಣಿದ ಮೇಲೆ ಹಳೇ ಪೇಪರಿನಲ್ಲಿ ಸುತ್ತಿ ಬೇಸ್‌ಮೆಂಟಿನ ಒಣ ಜಾಗದಲ್ಲಿಡಿ. ಊರಿನಲ್ಲಿ ಮಳೆಗಾಲದಲ್ಲಿ ಅಮ್ಮ ಅಪ್ಪದ ಕಾವಲಿಯನ್ನು ಹೀಗೆಯೇ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತಾಳೆ.

ಮತ್ತೆ ಬಿಚ್ಚಿದಾಗ ಕಮಟು ವಾಸನೆ ಬಂದರೆ ಸೋಪು ಹಾಕಿ ತೊಳೆದು, 15 ನಿಮಿಷ ಖಾಲಿ ಉರಿಸಿ, ಎಣ್ಣೆ ಸವರಿ. ನಾನು ಮೊದಲು ಒಂದು ದಪ್ಪ ಈರುಳ್ಳಿ ಹೋಳು ಇಟ್ಟು ನೋಡುತ್ತೇನೆ. ಅದು ಅಂಟದೆ ಎದ್ದು ಬಂದರೆ ಬದನೆಕಾಯಿ ಇಡುತ್ತೇನೆ, ಅಂಟಿದರೆ ಅವತ್ತು ಇನ್ನೊಂದು ಸಲ ಪಳಗಿಸುತ್ತೇನೆ.