ಟ್ಯೂಬ್ ರಿವರ್ಬ್, ವೈಬ್ರಾಟೊ ಪೆಟ್ಟಿಗೆ ಮನೆಯಲ್ಲೇ ಕಟ್ಟುದು ಹೇಗೆ

ಚರ್ಚಿನ ಕ್ವಾಯರ್‌ನಲ್ಲಿ ಗಿಟಾರ್ ಬಾರಿಸುವವರಿಗೆ ಇದು ಗೊತ್ತಿರ್ತದೆ. ದೊಡ್ಡ ಹಳೆ ಇಗರ್ಜಿಯೊಳಗೆ ಒಂದು ಕಾರ್ಡ್ ಬಾರಿಸಿ ಕೈ ಬಿಟ್ರೆ ಅದು ಮಾಡಿನವರೆಗೆ ಹೋಗಿ ಸುತ್ತು ಹೊಡೆದು ಮೆಲ್ಲ ಇಳಿದು ಬರ್ತದೆ, ಅದೇ ಕಾರ್ಡ್ ಮಂಗಳೂರು ಕಂಕನಾಡಿಯ ನಮ್ಮ ಮನೆಯ ಚಿಕ್ಕ ರೂಮಲ್ಲಿ ಬಾರಿಸಿದ್ರೆ ಗೋಡೆಗೆ ತಾಗಿ ಅಲ್ಲೇ ಬಿದ್ದ ಹಾಗೆ ಕೇಳ್ತದೆ. ಆ ಸುತ್ತು ಹೊಡೆಯುವ ಸೌಂಡನ್ನು ಒಂದು ಮರದ ಪೆಟ್ಟಿಗೆಯೊಳಗೆ ತರುದಕ್ಕೆ ರಿವರ್ಬ್ ಅಂತ ಹೆಸರು. ಫೋನ್ ಆ್ಯಪಲ್ಲಿ, ಚಿಕ್ಕ ಪೆಡಲಲ್ಲಿ ಎಲ್ಲ ಸಿಗ್ತದೆ, ಆದ್ರೆ ನಿಜವಾದ ಸ್ಪ್ರಿಂಗನ್ನು ಟ್ಯೂಬಿನಿಂದ, ಅಂದ್ರೆ ಹಳೆ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವಿನಿಂದ, ತಳ್ಳಿದಾಗ ಬರುವ ಆ ಒದ್ದೆ ಒದ್ದೆ ಸ್ವರ ನನಗೆ ಬೇರೆ ಯಾವುದರಲ್ಲಿಯೂ ಸಿಕ್ಕಿಲ್ಲ.

ಮೊದ್ಲು ಒಂದು ಮಾತು. ಈ ಪೆಟ್ಟಿಗೆಯೊಳಗೆ 330 ವೋಲ್ಟ್ ಡಿಸಿ ಉಂಟು, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಅದು ಕೂತಿರ್ತದೆ, ಅದು ಜೀವ ತೆಗೀಬಹುದು. 9 ವೋಲ್ಟಿನ ಪೆಡಲ್ ಒಂದೆರಡಾದ್ರೂ ಕಟ್ಟಿ ಸೋಲ್ಡರಿಂಗ್ ಕೈಗೆ ಕೂತವರು ಮಾತ್ರ ಇದಕ್ಕೆ ಇಳಿಯಿರಿ, ಉಳಿದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ವಾಲ್ವ್ ರೇಡಿಯೊ ರಿಪೇರಿ ಮಾಡ್ತಿದ್ದ ನಮ್ಮ ದೊಡ್ಡಪ್ಪ ಕಲಿಸಿದ್ದು ಒಂದೇ ಪಾಠ, "ಕರೆಂಟ್ ಇರುವಾಗ ಒಂದು ಕೈ ಕಿಸೆಯಲ್ಲಿರ್ಲಿ ಮಗ". ಎರಡೂ ಕೈ ತಾಗಿದ್ರೆ ಕರೆಂಟ್ ಎದೆಯ ಮೂಲಕ ಹೋಗ್ತದೆ, ಅದಕ್ಕೆ. ಕಾಲಿಗೆ ರಬ್ಬರ್ ಚಪ್ಪಲಿ ಬೇಕು, ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಾನೇ ಆಫ್ ಆಗುವ ಸ್ವಿಚ್ಚು) ಇದ್ರೆ ಒಳ್ಳೇದು, ಆದ್ರೆ ಟ್ರಾನ್ಸ್‌ಫಾರ್ಮರ್ ಆಚೆ ಬದಿಯ ಶಾಕಿಗೆ ಅದು ಟ್ರಿಪ್ ಆಗುದಿಲ್ಲ, ಅದನ್ನೇ ನಂಬಿ ಕೂರ್ಬೇಡಿ.

ಇನ್ನು ಹೆಸರಿನ ಗೊಂದಲ. ವೈಬ್ರಾಟೊ ಅಂದ್ರೆ ಶ್ರುತಿ ಮೇಲೆ ಕೆಳಗೆ ಅಲುಗುದು, ಟ್ರೆಮೊಲೊ ಅಂದ್ರೆ ಸೌಂಡ್ ಹೆಚ್ಚು ಕಮ್ಮಿ ಆಗುದು. ಫೆಂಡರ್ ಕಂಪೆನಿ 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನ ಶ್ರುತಿ ಅಲುಗಿಸುವ ಕಡ್ಡಿಗೆ ಟ್ರೆಮೊಲೊ ಅಂತ ಹೆಸರಿಟ್ಟಿತು, ಆಮೇಲೆ ಆಂಪ್‌ಗಳಲ್ಲಿ, ಅಂದ್ರೆ ಆಂಪ್ಲಿಫೈಯರ್‌ಗಳಲ್ಲಿ, ಸೌಂಡ್ ಹೆಚ್ಚು ಕಮ್ಮಿ ಮಾಡುವ ಸರ್ಕ್ಯೂಟಿಗೆ ವೈಬ್ರಾಟೊ ಅಂತ ಬರೆಯಿತು, ಹಾಗಾಗಿ ಇವತ್ತಿಗೂ ಎರಡು ಹೆಸರು ಅದಲು ಬದಲಾಗಿಯೇ ಉಂಟು. ನಾವಿಲ್ಲಿ ಕಟ್ಟುದು ನಿಜವಾಗಿ ಶ್ರುತಿ ಅಲುಗಿಸುವಂಥದ್ದು, ಮ್ಯಾಗ್ನಟೋನ್ ಆಂಪ್‌ಗಳು ಹೆಸರು ಮಾಡಿದ್ದು ಇದೇ ಗುಣಕ್ಕೆ. ರಿವರ್ಬಿನ ಭಾಗಕ್ಕೆ ಮಾದರಿ ಫೆಂಡರಿನದ್ದೇ, ಅವರು 1961ರಲ್ಲಿ ರಿವರ್ಬನ್ನು ಬೇರೆಯೇ ಪೆಟ್ಟಿಗೆಯಾಗಿ ತಂದ್ರು, 1963ರ ವೈಬ್ರೊವರ್ಬ್ ಆಂಪಿನಲ್ಲಿ ಅದನ್ನು ಒಳಗೇ ಸೇರಿಸಿದ್ರು.

ಸಾಮಾನು ಎಂತೆಲ್ಲ ಬೇಕು? ಟ್ಯೂಬ್ ಐದು. ನಾಲ್ಕು 12ಎಎಕ್ಸ್7, ಒಂದು 12ಎಟಿ7. ಹಳೆ ಯುರೋಪಿಯನ್ ಹೆಸರಲ್ಲಿ ಇವು ಇಸಿಸಿ83 ಮತ್ತು ಇಸಿಸಿ81. ಒಂದು ಕಾಲದಲ್ಲಿ ಬೆಂಗಳೂರು ಜಾಲಹಳ್ಳಿಯ ಬಿಇಎಲ್ ಕೂಡಾ ರೇಡಿಯೊ ವಾಲ್ವ್ ಮಾಡ್ತಿತ್ತು, ಗುಜರಿ ಅಂಗಡಿಯಲ್ಲಿ ಹಳೆ ವಾಲ್ವ್ ರೇಡಿಯೊ ಸಿಕ್ಕಿದ್ರೆ ಒಳಗೆ ನೋಡದೆ ಬಿಡ್ಬೇಡಿ, ಬೇಕಾದ ಟ್ಯೂಬ್ ಸಿಗದಿದ್ರೂ ಸಾಕೆಟ್, ಟ್ಯಾಗ್ ಸ್ಟ್ರಿಪ್ ಆದ್ರೂ ಸಿಗ್ತದೆ. ಹಳೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾತ್ರ ಮುಟ್ಬೇಡಿ, ಒಣಗಿ ಹೋಗಿರ್ತದೆ. ಪವರ್ ಟ್ರಾನ್ಸ್‌ಫಾರ್ಮರ್ 250-0-250 ವೋಲ್ಟ್, 50 ಮಿಲಿ ಆಂಪ್, ಜೊತೆಗೆ ಹೀಟರಿಗೆ, ಅಂದ್ರೆ ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುವ ತಂತಿಗೆ, 6.3 ವೋಲ್ಟ್ 2 ಆಂಪ್. ಒಂದೊಂದು ಟ್ಯೂಬಿನ ಹೀಟರ್ 0.3 ಆಂಪ್ ತಿಂತದೆ, ಐದಕ್ಕೆ 1.5, ಹಾಗಾಗಿ 2 ಆಂಪ್ ಸಾಕು. ರೆಡಿಮೇಡ್ ಸಿಗದಿದ್ರೆ ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡುವ ವೈಂಡಿಂಗ್‌ನವರಿಗೆ ಬರೆದು ಕೊಡಿ, ಮೆಗ್ಗರ್ ಹಾಕಿ ಇನ್ಸುಲೇಶನ್ ಚೆಕ್ ಮಾಡಿ ಕೊಡ್ಲಿಕ್ಕೆ ಹೇಳಿ.

ಉಳಿದ ಎರಡು ದೊಡ್ಡ ಸಾಮಾನು ಸ್ಪ್ರಿಂಗ್ ಟ್ಯಾಂಕ್, ಅಂದ್ರೆ ಸ್ಪ್ರಿಂಗ್ ಕೂರಿಸಿದ ಡಬ್ಬ, ಮತ್ತು ಅದನ್ನು ತಳ್ಳುವ ಚಿಕ್ಕ ಟ್ರಾನ್ಸ್‌ಫಾರ್ಮರ್, ಇವೆರಡನ್ನು ತರಿಸ್ಲೇಬೇಕು. ಟ್ಯಾಂಕಿನ ಮೇಲೆ 4ಎಬಿ3ಸಿ1ಬಿ ಅಂತ ನಂಬ್ರ ಇರ್ಬೇಕು. ಈ ನಂಬ್ರ ಓದ್ಲಿಕ್ಕೆ ಕಲೀರಿ. 4 ಅಂದ್ರೆ ಎರಡು ಸ್ಪ್ರಿಂಗ್‌ನ ಉದ್ದ ಟ್ಯಾಂಕ್, ಸುಮಾರು 42 ಸೆಂಟಿಮೀಟರ್. ಎ ಅಂದ್ರೆ ಇನ್‌ಪುಟ್ 8 ಓಮ್. ಬಿ ಅಂದ್ರೆ ಔಟ್‌ಪುಟ್ 2250 ಓಮ್. 3 ಅಂದ್ರೆ ಅನುರಣನ ಜಾಸ್ತಿ ಹೊತ್ತು ನಿಲ್ಲುವಂಥದ್ದು. ಕೊನೆಯ ಬಿ ಅಂದ್ರೆ ತೆರೆದ ಬದಿ ಕೆಳಗೆ ಮಾಡಿ ಅಡ್ಡ ಮಲಗಿಸ್ಬೇಕು ಅಂತ. ಟ್ರಾನ್ಸ್‌ಫಾರ್ಮರ್ 25 ಕಿಲೋ ಓಮ್‌ನಿಂದ 8 ಓಮ್‌ಗೆ. ಟ್ಯಾಂಕ್ ಬಂದ ಕೂಡ್ಲೆ ಟೆಸ್ಟರ್ ಇಟ್ಟು ನೋಡಿ, ಇನ್‌ಪುಟ್‌ನಲ್ಲಿ 1 ಓಮಿಗಿಂತಲೂ ಸ್ವಲ್ಪ ಕಮ್ಮಿ, ಔಟ್‌ಪುಟ್‌ನಲ್ಲಿ ಸುಮಾರು 200 ಓಮ್ ತೋರಿಸ್ತದೆ. ನಾನು ಇದನ್ನು ನೋಡಿ ಶಾರ್ಟ್ ಆಗಿದೆ ಅಂತ ತಿಳ್ಕೊಂಡು ಒಳ್ಳೆ ಟ್ಯಾಂಕನ್ನು ವಾಪಸ್ ಕಳಿಸಿದ್ದೆ. 8 ಮತ್ತು 2250 ಅನ್ನುದು ಸ್ವರ ಓಡುವಾಗಿನ ಲೆಕ್ಕ, ಟೆಸ್ಟರ್ ತೋರಿಸುದು ಬರೀ ತಂತಿಯ ಲೆಕ್ಕ.

ಟ್ಯಾಂಕಿನ ಒಳಗೆ ಆಗುದು ಇಷ್ಟು. ಒಂದು ಕೊನೆಯ ಕಾಯಿಲಿಗೆ ಗಿಟಾರಿನ ಸಿಗ್ನಲ್ ಹೋದಾಗ ಸ್ಪ್ರಿಂಗಿನ ತುದಿಯ ಚಿಕ್ಕ ಆಯಸ್ಕಾಂತ ತಿರುಚಿಕೊಳ್ತದೆ, ಆ ತಿರುಚು ಸ್ಪ್ರಿಂಗ್ ಉದ್ದಕ್ಕೆ ಓಡಿ ಆಚೆ ಕೊನೆಯ ಕಾಯಿಲಿನಲ್ಲಿ ಮತ್ತೆ ವೋಲ್ಟೇಜ್ ಆಗ್ತದೆ, ಅಲ್ಲಿಂದ ವಾಪಸ್ ಓಡ್ತದೆ, ಮತ್ತೆ ಬರ್ತದೆ. ಒಂದು ಸ್ಪ್ರಿಂಗಿನಲ್ಲಿ ಆಚೆ ಮುಟ್ಲಿಕ್ಕೆ ಸುಮಾರು 33 ಮಿಲಿ ಸೆಕೆಂಡ್, ಇನ್ನೊಂದರಲ್ಲಿ 41. ಎರಡೂ ಒಂದೇ ಇದ್ದಿದ್ರೆ ಡಬ್ಬದೊಳಗೆ ಕೂಗಿದ ಹಾಗೆ ಕೇಳ್ತಿತ್ತು, ಬೇರೆ ಬೇರೆ ಇರುದ್ರಿಂದ ಜಾಗ ದೊಡ್ಡದಾಗಿ ಕೇಳ್ತದೆ. ತಳ್ಳುವ ಕಾಯಿಲಿಗೆ ವೋಲ್ಟೇಜಿಗಿಂತ ಕರೆಂಟ್ ಬೇಕು, ಟ್ಯೂಬಿನಲ್ಲಿ ವೋಲ್ಟೇಜ್ ಧಾರಾಳ, ಕರೆಂಟ್ ಕಮ್ಮಿ, ಅದಕ್ಕೇ ನಡುವೆ ಆ ಚಿಕ್ಕ ಟ್ರಾನ್ಸ್‌ಫಾರ್ಮರ್.

ಈಗ ಕೆಲಸಕ್ಕೆ ಬರುವ. ಅಲ್ಯುಮಿನಿಯಂ ಚಾಸಿಯ ಒಂದು ಕೊನೆಗೆ ಪವರ್ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕೊನೆಗೆ ಇನ್‌ಪುಟ್ ಜ್ಯಾಕ್. ಮೂರು ಪಿನ್ನಿನ ಪ್ಲಗ್, ಫ್ಯೂಸ್, ಸ್ವಿಚ್ಚು, ಹಸಿರು ಅರ್ತ್ ವೈರನ್ನು ಅದಕ್ಕೇ ಅಂತ ಇಟ್ಟ ಬೋಲ್ಟಿನಲ್ಲಿ ಚಾಸಿಗೆ ಬಿಗಿಯಾಗಿ ಕಟ್ಟಿ. ಗಿಟಾರಿನ ತಂತಿ ಕೇಬಲ್ ಮೂಲಕ ಈ ಚಾಸಿಗೇ ಬಂದು ಸೇರ್ತದೆ, ಅಂದ್ರೆ ಅರ್ತ್ ಸರಿ ಇಲ್ಲದಿದ್ರೆ ನಿಮ್ಮ ಬೆರಳೇ ಅರ್ತ್. ಹೀಟರ್ ವೈರು ಎರಡನ್ನು ಹೆಣೆದು ಚಾಸಿಯ ಮೂಲೆಗೆ ಒತ್ತಿ ಎಳೀರಿ, 4 ಮತ್ತು 5ನೇ ಪಿನ್ ಸೇರಿಸಿ ಒಂದು ವೈರು, 9ನೇ ಪಿನ್ನಿಗೆ ಇನ್ನೊಂದು, ಎರಡೂ ವೈರಿನಿಂದ ಚಾಸಿಗೆ 100 ಓಮಿನ ಒಂದೊಂದು ರೆಸಿಸ್ಟರ್, ಆಗ ಹಮ್, ಅಂದ್ರೆ ಕರೆಂಟಿನ ಗುಂಯ್ ಸದ್ದು, ಕಮ್ಮಿಯಾಗ್ತದೆ. ಹೈ ವೋಲ್ಟೇಜಿಗೆ ಎರಡು 1ಎನ್4007 ಡಯೋಡ್, ಆಮೇಲೆ 22 ಮೈಕ್ರೋಫ್ಯಾರಡ್ 450 ವೋಲ್ಟಿನ ಕೆಪಾಸಿಟರ್ ಮೂರು, ನಡುನಡುವೆ 1 ಕೆ, 10 ಕೆ ರೆಸಿಸ್ಟರ್ (ಕೆ ಅಂದ್ರೆ ಕಿಲೋ ಓಮ್, ಮುಂದೆ ಬರುವ ಮೆಗ್ ಅಂದ್ರೆ ಮೆಗಾ ಓಮ್). ಮೊದಲನೇ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕೆ, 2 ವ್ಯಾಟಿನ ಬ್ಲೀಡರ್ ಮರೀಬೇಡಿ, ಆಫ್ ಮಾಡಿದ ಮೇಲೆ ಕೆಪಾಸಿಟರ್ ಖಾಲಿ ಮಾಡುದು ಅದೇ. ಒಂದೂವರೆ ನಿಮಿಷ ಕಾಯಿರಿ, ಆಮೇಲೆಯೂ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ, ಪ್ರತೀ ಸಲವೂ.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್ ಹಾಕಿ, 60 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬ್, ಎಲ್‌ಇಡಿ ಬಲ್ಬ್ ನಡೀಲಿಕ್ಕಿಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂಕಾದ್ರೆ ಸರಿ, ಜಗಜಗ ಉರೀತಾ ನಿಂತ್ರೆ ಎಲ್ಲಿಯೋ ಶಾರ್ಟ್ ಉಂಟು, ಕೂಡ್ಲೇ ಆಫ್ ಮಾಡಿ. ಟ್ಯೂಬ್ ಹಾಕದೆ 350ರ ಆಸುಪಾಸು, ಟ್ಯೂಬೆಲ್ಲ ಕೂತ ಮೇಲೆ 330ರ ಹತ್ರ ಬರ್ತದೆ.

ಇಲ್ಲಿಂದ ಮುಂದೆ ನಾನು ಬಲವಾಗಿ ಹೇಳುದು ಒಂದೇ, ಕೊನೆಯಿಂದ ಮೊದಲಿಗೆ ಕಟ್ಟಿ. ನನ್ನ ಮೊದಲನೇ ಪೆಟ್ಟಿಗೆ ಇನ್‌ಪುಟ್‌ನಿಂದ ಶುರು ಮಾಡಿ ಪೂರ್ತಿ ಮುಗಿಸಿ ಆಮೇಲೆ ಸ್ವಿಚ್ ಹಾಕಿದ್ದು, ಸ್ವರವೇ ಇಲ್ಲ, ತಪ್ಪು ಎಲ್ಲಿ ಅಂತ ಹುಡುಕ್ಲಿಕ್ಕೆ ಒಂದು ತಿಂಗಳು ಹೋಯ್ತು. ಔಟ್‌ಪುಟ್‌ನಿಂದ ಹಿಂದಕ್ಕೆ ಬಂದ್ರೆ ಒಂದೊಂದು ಹಂತ ಮುಗಿದ ಕೂಡ್ಲೆ ಕಿವಿಗೆ ಗೊತ್ತಾಗ್ತದೆ.

ಒಂದೊಂದು ಟ್ಯೂಬಿನೊಳಗೆ ಬೇರೆ ಬೇರೆ ಕೆಲಸ ಮಾಡುವ ಎರಡು ಅರ್ಧ ಉಂಟು, ಪ್ರತಿ ಅರ್ಧಕ್ಕೆ ಸಿಗ್ನಲ್ ಒಳಗೆ ಹೋಗುವ ಗ್ರಿಡ್, ದೊಡ್ಡದಾಗಿ ಹೊರಗೆ ಬರುವ ಪ್ಲೇಟ್, ಕೆಳಬದಿಗೆ ಕ್ಯಾಥೋಡ್. ಹಾಗಾಗಿ ಮೊದ್ಲು ಐದನೇ ಟ್ಯೂಬಿನ ಅರ್ಧದಲ್ಲಿ ಕ್ಯಾಥೋಡ್ ಫಾಲೋವರ್, ಅಂದ್ರೆ ಕ್ಯಾಥೋಡ್‌ನಿಂದ ಸ್ವರ ತೆಗೆಯುವ ಹಂತ. ಇದು ಸ್ವರ ಹೆಚ್ಚಿಸುದಿಲ್ಲ, ಉದ್ದ ಕೇಬಲನ್ನು ತಳ್ಳುವ ಶಕ್ತಿ ಕೊಡ್ತದೆ. ಔಟ್‌ಪುಟ್‌ಗೆ ಹೋಗುವ 1 ಮೈಕ್ರೋಫ್ಯಾರಡ್ ಕೆಪಾಸಿಟರ್ 630 ವೋಲ್ಟಿನದ್ದೇ ಇರ್ಲಿ, ಅದು ಕೈ ಕೊಟ್ರೆ ಹೈ ವೋಲ್ಟೇಜ್ ನೇರ ನಿಮ್ಮ ಆಂಪಿಗೆ ಹೋಗ್ತದೆ. ಆಂಪಿಗೆ ಜೋಡಿಸಿ ಆ ಟ್ಯೂಬಿನ ಗ್ರಿಡ್‌ಗೆ ಬರುವ ಕೆಪಾಸಿಟರ್‌ನ ಈಚೆ ಬದಿಗೆ ಫೋನಿನಿಂದ ಒಂದು ಹಾಡು ಕೊಟ್ಟು ನೋಡಿ, ಕೇಳಿದ್ರೆ ಮುಂದಕ್ಕೆ.

ಎರಡನೇದು ರಿಕವರಿ, ಅಂದ್ರೆ ಟ್ಯಾಂಕಿನಿಂದ ಬರುವ ಕೆಲವೇ ಮಿಲಿ ವೋಲ್ಟನ್ನು ಎತ್ತುವ ಹಂತ. ಒಂದನೇ ಟ್ಯೂಬಿನ ಅರ್ಧ, ಗ್ರಿಡ್‌ಗೆ 220 ಕೆ, ಪ್ಲೇಟಿಗೆ 100 ಕೆ, ಕ್ಯಾಥೋಡ್‌ಗೆ 1.5 ಕೆ ಮತ್ತು ಅದಕ್ಕೆ ಅಡ್ಡ 25 ಮೈಕ್ರೋಫ್ಯಾರಡ್. ಪ್ಲೇಟಿನಿಂದ 0.003 ಮೈಕ್ರೋಫ್ಯಾರಡ್ ಮೂಲಕ 100 ಕೆ ಪಾಟಿಗೆ, ಅದೇ ರಿವರ್ಬ್ ನಾಬ್, ಅಲ್ಲಿಂದ 470 ಕೆ ಮೂಲಕ ಫಾಲೋವರಿಗೆ. ಕ್ಯಾಥೋಡ್‌ನಲ್ಲಿ ಒಂದೂವರೆ ವೋಲ್ಟ್ ಆಸುಪಾಸು ಬಂದ್ರೆ ಟ್ಯೂಬ್ ಕೆಲಸ ಮಾಡ್ತಾ ಉಂಟು. ಈಗ ಟ್ಯಾಂಕ್ ಜೋಡಿಸಿ ಮೆಲ್ಲ ಬೆರಳಿನಿಂದ ತಟ್ಟಿ, ಆಷಾಢದ ಗುಡುಗಿನ ಹಾಗೆ ಆಂಪಿನಲ್ಲಿ ಕೇಳ್ಬೇಕು. ನನಗೆ ಇಡೀ ಕೆಲಸದಲ್ಲಿ ಅತೀ ಖುಷಿಯ ಗಳಿಗೆ ಇದೇ ಮಾರಾಯ್ರೆ. ಹಮ್ ಬಂದ್ರೆ ಟ್ಯಾಂಕನ್ನು ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ಹೋಗಿ, ಔಟ್‌ಪುಟ್ ಬದಿ ಪವರ್ ಟ್ರಾನ್ಸ್‌ಫಾರ್ಮರ್ ಹತ್ರ ಇದ್ದಾಗ ಹೆಚ್ಚು, ದೂರ ಹೋದಾಗ ಕಮ್ಮಿ, ಯಾವ ಜಾಗದಲ್ಲಿ ಅತೀ ಕಮ್ಮಿಯೋ ಅಲ್ಲಿ ಪೆನ್ಸಿಲಿನಲ್ಲಿ ಗುರ್ತು ಹಾಕಿ.

ಮೂರನೇದು ಡ್ರೈವರ್. 12ಎಟಿ7ನ ಎರಡೂ ಅರ್ಧ ಜೋಡಿಸಿ ಒಂದೇ ಮಾಡಿ, ಪ್ಲೇಟಿನಿಂದ 25 ಕೆ ಟ್ರಾನ್ಸ್‌ಫಾರ್ಮರ್ ಮೂಲಕ ಹೈ ವೋಲ್ಟೇಜಿನ ಮೊದಲನೇ ಕೆಪಾಸಿಟರಿಗೆ, ಕ್ಯಾಥೋಡ್‌ಗೆ 2.2 ಕೆ ಮತ್ತು 25 ಮೈಕ್ರೋಫ್ಯಾರಡ್. ಗ್ರಿಡ್‌ಗೆ ಬರುವ ದಾರಿಯಲ್ಲಿ 500 ಪಿಕೊಫ್ಯಾರಡ್ ಮತ್ತು 1 ಮೆಗ್ ಪಾಟ್, ಇದು ಡ್ವೆಲ್ ನಾಬ್, ಸ್ಪ್ರಿಂಗನ್ನು ಎಷ್ಟು ಜೋರಾಗಿ ತಳ್ಳುದು ಅಂತ. ಆ 500 ಪಿಕೊಫ್ಯಾರಡ್ ಸಣ್ಣದೇ ಯಾಕೆ ಅಂದ್ರೆ ಸುಮಾರು 320 ಹರ್ಟ್ಸಿಗಿಂತ ಕೆಳಗಿನ ಬೇಸ್ ಅಲ್ಲೇ ಕಟ್ ಆಗ್ಲಿ ಅಂತ, ಬೇಸ್ ಒಳಗೆ ಹೋದ್ರೆ ಸ್ಪ್ರಿಂಗು ಕೆಸರು ಕಲಸಿದ ಹಾಗೆ ಕೇಳ್ತದೆ. ದೊಡ್ಡದು ಹಾಕಿ ನೋಡುವ ಅಂತ ಆಸೆ ಆಗ್ತದೆ, ಬೇಡ.

ನಾಲ್ಕನೇದು ವೈಬ್ರಾಟೊ, ತಲೆ ಸ್ವಲ್ಪ ಜಾಸ್ತಿ ಓಡಿಸ್ಬೇಕಾದ್ದು ಇಲ್ಲಿ. ಮೂರನೇ ಟ್ಯೂಬಿನ ಎರಡು ಅರ್ಧದಲ್ಲಿ ಒಂದೇ ರೀತಿಯ ಎರಡು ಹಂತ, ಒಂದರ ಹಿಂದೆ ಒಂದು. ಪ್ರತಿಯೊಂದರಲ್ಲಿ ಪ್ಲೇಟಿಗೆ 47 ಕೆ, ಕ್ಯಾಥೋಡ್‌ನ ಕೆಳಗೂ 47 ಕೆ, ಹಾಗಾಗಿ ಎರಡು ಕಡೆ ಒಂದೇ ಅಳತೆಯ ಸ್ವರ ಬರ್ತದೆ, ಒಂದು ನೆಟ್ಟಗೆ, ಒಂದು ತಲೆಕೆಳಗೆ. ಪ್ಲೇಟಿನಿಂದ 2200 ಪಿಕೊಫ್ಯಾರಡ್ ಕೆಪಾಸಿಟರ್, ಕ್ಯಾಥೋಡ್‌ನಿಂದ ಎಲ್‌ಡಿಆರ್, ಎರಡೂ ಸೇರುವ ಜಾಗದಿಂದ 0.022 ಮೈಕ್ರೋಫ್ಯಾರಡ್ ಮೂಲಕ ಮುಂದಿನ ಹಂತಕ್ಕೆ. ಎಲ್‌ಡಿಆರ್ ಮೇಲೆ ಬೆಳಕು ಬಿದ್ದಾಗ ಅದರ ರೆಸಿಸ್ಟೆನ್ಸ್ ಇಳೀತದೆ, ಕತ್ತಲಾದಾಗ ಏರ್ತದೆ, ಅದಕ್ಕೆ ಸರಿಯಾಗಿ ಸ್ವರ ಒಂಚೂರು ಹಿಂದೆ ಮುಂದೆ ಜಾರ್ತದೆ. ಹಾಗೆ ಜಾರ್ತಾ ಇರುವಾಗ ಕಿವಿಗೆ ಶ್ರುತಿ ಅಲುಗಿದ ಹಾಗೆ ಕೇಳುದು. ಒಂದೇ ಹಂತದಲ್ಲಿ ಇದು ತೀರಾ ಸಪ್ಪೆ, ಅದಕ್ಕೇ ಎರಡು.

ಬೆಳಕನ್ನು ಅಲುಗಿಸ್ಲಿಕ್ಕೆ ನಾಲ್ಕನೇ ಟ್ಯೂಬ್. ಅದರ ಒಂದರ್ಧ ಆಸಿಲೇಟರ್, ಪ್ಲೇಟಿನಿಂದ ಗ್ರಿಡ್‌ಗೆ ಮೂರು ಕೆಪಾಸಿಟರ್, ಮೂರು ರೆಸಿಸ್ಟರ್‌ನ ಏಣಿ. 0.01 ಮೈಕ್ರೋಫ್ಯಾರಡ್, 1 ಮೆಗ್ ಹಾಕಿದ್ರೆ ಲೆಕ್ಕದ ಪ್ರಕಾರ ಸೆಕೆಂಡಿಗೆ ಆರೂವರೆ ಸಲ ಅಲುಗ್ತದೆ. ಒಂದು ರೆಸಿಸ್ಟರ್ ಬದಲು 3 ಮೆಗ್ ಪಾಟ್ ಮತ್ತು ಅದರೊಟ್ಟಿಗೆ 100 ಕೆ ಹಾಕಿ, ಅದು ಸ್ಪೀಡ್ ನಾಬ್. ಶುರುವೇ ಆಗದಿದ್ರೆ ಕ್ಯಾಥೋಡ್‌ನ 25 ಮೈಕ್ರೋಫ್ಯಾರಡ್ ನೋಡಿ, ಈ ಏಣಿ ನಡೀಲಿಕ್ಕೆ ಕಮ್ಮಿಯೆಂದ್ರೂ 29 ಪಟ್ಟು ಗೇನ್ ಬೇಕು, ಆ ಕೆಪಾಸಿಟರ್ ಸತ್ತಿದ್ರೆ ಅಷ್ಟು ಸಿಗುದು ಕಷ್ಟ. ಇನ್ನೊಂದರ್ಧ ಬಿಳಿ ಎಲ್‌ಇಡಿ ಉರಿಸ್ಲಿಕ್ಕೆ, ಸಿಗುದು 1 ಮಿಲಿ ಆಂಪ್ ಅಷ್ಟೆ, ಹಾಗಾಗಿ ಹೈ ಬ್ರೈಟ್ ಎಲ್‌ಇಡಿಯೇ ತನ್ನಿ. ಎಲ್‌ಇಡಿ ನಡುವೆ, ಆಚೀಚೆ ಎರಡು ಎಲ್‌ಡಿಆರ್, ಎಲ್ಲವನ್ನೂ ಕಪ್ಪು ಹೀಟ್ ಶ್ರಿಂಕ್ ಟ್ಯೂಬಿನಲ್ಲಿ ಬೆಳಕು ನುಗ್ಗದ ಹಾಗೆ ಮುಚ್ಚಿ. ಈ ಟ್ಯೂಬಿನ ವೈರು ರಿಕವರಿಯಿಂದ ದೂರ ಇರ್ಲಿ, ಹತ್ರ ಇದ್ರೆ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳ್ತದೆ.

ಕೊನೆಗೆ ಇನ್‌ಪುಟ್. ಒಂದನೇ ಟ್ಯೂಬಿನ ಉಳಿದ ಅರ್ಧ, ಗ್ರಿಡ್‌ಗೆ 68 ಕೆ ಮೂಲಕ ಗಿಟಾರ್, 1 ಮೆಗ್ ಗ್ರೌಂಡಿಗೆ, ಉಳಿದದ್ದು ರಿಕವರಿಯ ಹಾಗೆಯೇ. ಅಲ್ಲಿಂದ ವೈಬ್ರಾಟೊಗೆ, ವೈಬ್ರಾಟೊದಿಂದ ಎರಡು ದಾರಿ, ಒಂದು ಡ್ವೆಲ್‌ಗೆ, ಇನ್ನೊಂದು 3.3 ಮೆಗ್ ಮೂಲಕ ನೇರ ಫಾಲೋವರಿಗೆ, ಫಾಲೋವರಿನ ಬಳಿ 220 ಕೆ ಗ್ರೌಂಡಿಗೆ. ರಿವರ್ಬ್ ಆದ ಮೇಲೆ ವೈಬ್ರಾಟೊ ಇಡುವವರೂ ಇದ್ದಾರೆ, ನನಗೆ ವೈಬ್ರಾಟೊ ಮೊದಲೇ ಇಷ್ಟ, ಹಾಡುವವರ ಗಂಟಲು ಅಲುಗುದು ಮೊದಲು, ಚರ್ಚಿನ ಗೋಡೆ ಉತ್ತರ ಕೊಡುದು ಆಮೇಲೆ.

ಪೆಟ್ಟಿಗೆಗೆ ಹಲಸಿನ ಹಲಗೆ ಸಿಕ್ಕಿದ್ರೆ ಬಿಡ್ಬೇಡಿ, ಚೆಂಡೆ ಮಾಡುದೂ ಅದರಲ್ಲೇ, ನಮ್ಮ ಹವೆಗೆ ತಡೀತದೆ. ಟ್ಯೂಬಿನ ಬಿಸಿ ಹೋಗ್ಲಿಕ್ಕೆ ಹಿಂದೆ ಜಾಲಿ ಇಡಿ. ಟ್ಯಾಂಕನ್ನು ಅಡಿಯಲ್ಲಿ ಫೋಮ್ ತುಂಡಿನ ಮೇಲೆ ಕೂರಿಸಿ, ಸ್ಕ್ರೂ ಬಿಗಿ ಮಾಡ್ಬೇಡಿ, ಮಾಡಿದ್ರೆ ಸ್ಟೇಜಿನಲ್ಲಿ ಯಾರು ಕಾಲಿಟ್ರೂ ಗುಡುಗು. ಕಡಲ ಗಾಳಿಗೆ ಸ್ಪ್ರಿಂಗು, ಆರ್‌ಸಿಎ ಸಾಕೆಟ್ ತುಕ್ಕು ಹಿಡೀತದೆ, ಜೂನಿನಿಂದ ಸೆಪ್ಟೆಂಬರ್ ತನಕ ಒಳಗೆ ಸಿಲಿಕಾ ಜೆಲ್ ಚೀಲ ಇಡಿ, ವಾರಕ್ಕೊಮ್ಮೆಯಾದ್ರೂ ಅರ್ಧ ಗಂಟೆ ಆನ್ ಮಾಡಿ, ಟ್ಯೂಬಿನ ಬಿಸಿಗೇ ಒಳಗಿನ ಪಸೆ ಆರ್ತದೆ. ಮೊದಲ ಸಲ ಬಾರಿಸುವಾಗ ಆಂಪಿನ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಪೆಟ್ಟಿಗೆ ಆನ್ ಮಾಡಿ, ಒಂದು ನಿಮಿಷ ಟ್ಯೂಬ್ ಕೆಂಪಾಗ್ಲಿ, ಡ್ವೆಲ್ ಅರ್ಧ, ರಿವರ್ಬ್ ಕಾಲು, ಸ್ಪೀಡ್ ಅತೀ ನಿಧಾನ, ಆಮೇಲೆ ವಾಲ್ಯೂಮ್ ಏರಿಸಿ ಒಂದು ಮೈನರ್ ಕಾರ್ಡ್ ಬಾರಿಸಿ ಕೈ ಬಿಡಿ.